ಹನ್ನೊಂದು ಸೆಕೆಂಡಿನ ಓದುಗರು

೧

ಎಲ್ಲಿಂದ ಶುರು ಮಾಡುವುದು? ಹೊಸನಗರದ ಬಸ್‌ಸ್ಟ್ಯಾಂಡಿನಿಂದ ಹೊರಟರೆ ನೀವು ಮುಂದಿನ ಸ್ಟಾಪಿನಲ್ಲೇ ಇಳಿದು ಹೋಗುತ್ತೀರೇನೋ ಎಂಬ ಅಳುಕು. ಓದುಗರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂದು ಲೆಕ್ಕ ಇಡುವ ಯಂತ್ರಗಳು ಬಂದಿವೆ. ಅಂಥದೊಂದು ಯಂತ್ರದ ಮಾತು ನಂಬಿ ಕೆಟ್ಟವನ ಕಥೆ ಇದು. (ಪೂರ್ತಿ ಕೆಟ್ಟಿಲ್ಲ. ಓದುತ್ತಿರಿ. ಇದ್ದೀರಿ ತಾನೆ?)

೧, ಮತ್ತೊಮ್ಮೆ

ಮೊದಲ ಕರಡಿನಲ್ಲಿ ಸೀತಾರಾಮಪ್ಪನನ್ನು ನಿವೃತ್ತ ಮೇಷ್ಟ್ರು ಮಾಡಿದ್ದೆ. ಅವನಿಗೆ ಅದು ಸರಿಬರಲಿಲ್ಲ.

“ಕಥೆಗಳಲ್ಲಿ ಮೇಷ್ಟ್ರುಗಳಿಗೆ ಎಂತ ಬರಗಾಲ? ನನ್ನ ಕೆಲ್ಸ ನಂಗೆ ವಾಪಸ್ ಕೊಡಿ” ಅಂದ.

ಕೊಟ್ಟೆ. ಹಾಗಾಗಿ ಅವನು ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕೆಲಸ ಬಿಟ್ಟ ಮೇಲೂ ಬಾಯಿ ಸುಮ್ಮನಿರದೆ ‘ರೈಟ್ ರೈಟ್’ ಅಂತ ಒಂದು ಬ್ಲಾಗ್ ಶುರುಮಾಡಿದ. ಅವನು ಫೋನಿಗೆ ಹೇಳುತ್ತಾನೆ, ಫೋನು ಬರೆದುಕೊಳ್ಳುತ್ತದೆ. ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ತಂಗಿಯ ಮಗ ನಿಶಾಂತ್ ತಪ್ಪು ತಿದ್ದಿ ಹಾಕುತ್ತಾನೆ.

ಬ್ಲಾಗಿನಲ್ಲಿ ಇರುವುದೆಲ್ಲ ಒಬ್ಬನೇ ಮನುಷ್ಯ: ಡ್ರೈವರ್ ಭೂತಪ್ಪ. ಸೀತಾರಾಮಪ್ಪ ಸೀಟಿ ಊದಿದ್ದೆಲ್ಲ ಅವನಿಗಾಗಿಯೇ. ಭೂತಪ್ಪ ತೀರಿಕೊಂಡ ಮೇಲೆ ಅವನ ಬದುಕನ್ನು ವಾರಕ್ಕೊಂದು ಕಂತಿನಂತೆ ಬರೆದು ಉಳಿಸಬೇಕೆಂದು ಇವನು ಹೊರಟಿದ್ದ.

೨

ಒಂದು ಮಧ್ಯಾಹ್ನ ನಿಶಾಂತ್ ಸ್ಕ್ರೀನನ್ನು ಇವನ ಕಡೆ ತಿರುಗಿಸಿದ.

“ಮಾವ, ಇಲ್ಲಿ ನೋಡಿ. ನಿಮ್ಮ ಪೇಜಲ್ಲಿ ಒಬ್ಬೊಬ್ರು ಇರೋದು ಸರಾಸರಿ ಹನ್ನೊಂದು ಸೆಕೆಂಡು.”

“ಆಮೇಲೆ?”

“ಆಮೇಲೆ ಹೋಗ್ತಾರೆ.”

“ಎಲ್ಲಿಗೆ?”

“ಅದೆಲ್ಲ ಇದ್ರಲ್ಲಿ ಬರಲ್ಲ. ರೀಲ್ಸ್ ನೋಡಕ್ಕೆ ಹೋಗ್ತಾರೆ ಅಂದ್ಕಳಿ. ಈಗ ಯಾರೂ ಓದಲ್ಲ ಮಾವ, ಬೆರಳಲ್ಲಿ ತಳ್ಳೋದಷ್ಟೇ. ನೀವು ಗಿಡ್ಡ ಬರೀರಿ.”

ಸೀತಾರಾಮಪ್ಪ ಇದನ್ನು ಕಂಡಕ್ಟರನ ತಲೆಯಿಂದಲೇ ಯೋಚಿಸಿದ. ತೀರ್ಥಹಳ್ಳಿಗೆ ಟಿಕೆಟ್ ತಗೊಂಡವರೆಲ್ಲ ಮುಂದಿನ ಸ್ಟಾಪಿನಲ್ಲೇ ಇಳಿದರೆ ಅರ್ಥವೇನು? ಬಸ್ಸಿನಲ್ಲಿ ಯಾರೋ ವಾಂತಿ ಮಾಡಿರಬೇಕು, ಇಲ್ಲವೇ ಡ್ರೈವರ್ ಸರಿಯಿಲ್ಲ. ಈ ಬಸ್ಸಿನ ಡ್ರೈವರ್ ಭೂತಪ್ಪ. ಅವನು ಗಾಡಿ ಓಡಿಸುತ್ತಿರುವಾಗ ಜನ ಅರ್ಧದಲ್ಲಿ ಇಳಿದು ಹೋಗುವುದೆಂದರೆ ಇವನಿಗೆ ನುಂಗಲಾರದ ತುತ್ತಾಯಿತು.

(ಇಲ್ಲಿ ಕಣ್ಣೀರು ಹಾಕಿಸಬೇಕೆಂದಿದ್ದೆ. “ನಾನು ಅಳಲ್ಲ, ಚಾ ಕುಡೀತೀನಿ” ಅಂದ. ಚಾ ಕುಡಿಸಿದೆ.)

ಹನ್ನೊಂದು ಸೆಕೆಂಡಿನಲ್ಲಿ ಎಷ್ಟು ಓದಬಹುದು? ಗೋಡೆ ಗಡಿಯಾರದೆದುರು ಓದಿ ನೋಡಿದ. ನಾಲ್ಕು ಸಾಲು. ಆ ವಾರ ಬರೆಯಬೇಕಿದ್ದದ್ದು ಭೂತಪ್ಪನ ಮದುವೆಯ ದಿಬ್ಬಣ. ಬದಲಿ ಡ್ರೈವರ್ ಕೈಕೊಟ್ಟದ್ದರಿಂದ ಮದುಮಗನೇ ಬಾಸಿಂಗ ಕಟ್ಟಿಕೊಂಡು ಸ್ಟಿಯರಿಂಗ್ ಹಿಡಿದದ್ದು, ಏರಿನಲ್ಲಿ ಸೋದರಮಾವ ಬಾಸಿಂಗವನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಂಡದ್ದು, ಇಳಿಜಾರಿನಲ್ಲಿ ಹೆಂಗಸರು ಸೋಬಾನೆ ನಿಲ್ಲಿಸಿ ದೇವರ ನಾಮ ಹಿಡಿದದ್ದು. ಅದೆಲ್ಲ ಹೋಗಿ ಬ್ಲಾಗಿನಲ್ಲಿ ಉಳಿದದ್ದು ಇಷ್ಟು:

‘ಭೂತಪ್ಪನ ಮದುವೆ ಆಯಿತು. ಬಸ್ಸು ಅವನೇ ಓಡಿಸಿದ. ಬಾಸಿಂಗ ಅಡ್ಡ ಬರುತ್ತಿತ್ತು. ಎಲ್ಲರೂ ಕ್ಷೇಮವಾಗಿ ತಲುಪಿದರು.’

ಮರುದಿನ ನಿಶಾಂತ್ ಮತ್ತೆ ಸ್ಕ್ರೀನ್ ತಿರುಗಿಸಿದ. ನಾಲ್ಕು ಸಾಲಿಗೂ ಅದೇ ಹನ್ನೊಂದು.

“ಹಂಗಾರೆ ಬಸ್ಸು ನಿಲ್ಸೋದೇ ಸೈ” ಎಂದ ಸೀತಾರಾಮಪ್ಪ. ಆದರೆ ಭೂತಪ್ಪನ ಹೆಂಡತಿ ಕೆರಿಯಮ್ಮನಿಗೆ ಹೇಳದೆ ನಿಲ್ಲಿಸುವುದು ಹೇಗೆ? ಬ್ಯಾಕೋಡಿನ ಕಡೆಗೆ ಹೊರಟ.

(ಅವನು ಫೋನು ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಫೋನು ಹತ್ತುವುದಿಲ್ಲ. ಈ ಮಾತನ್ನು ನಾನೂ ಅವನೂ ಸ್ವಲ್ಪ ಮೊದಲೇ ಯೋಚಿಸಬೇಕಿತ್ತು.)

೩

ಊರಿಗೆ ಇಳಿಯುವ ಮುಂಚೆ ಒಂದು ದಿಬ್ಬ. ಅಲ್ಲಿ ಕೆರಿಯಮ್ಮನ ಸೊಸೆ ಸುಪ್ರಿಯಾ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು, ಹಾಗೆಯೇ. ಸುಪ್ರಿಯಾ ಫೋನನ್ನು ಇಳಿಸಿ, ಬೆರಳಿನಿಂದ ಪುಟವನ್ನು ಕೊನೆಯವರೆಗೆ ಒಮ್ಮೆ ಸರಿಸಿ ನೋಡಿ, ಅದನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊರಟಳು. ತುಂಬಿದ ಬಟ್ಟಲು ಹಿಡಿದವಳ ಹಾಗೆ.

“ಎಂತ ಮಾಡ್ತಿದೀಯೆ?”

“ಮೊನ್ನೆ ತಂದಿದ್ದು ಅರ್ಧಾನೇ ಅಂದ್ರು ಅತ್ತೆ, ಇನ್ನೊಂದ್ಸಲ ತಗೊಂಡ್ ಹೋಗ್ತಿದೀನಿ. ನಿಮ್ಮ ಬ್ಲಾಗೇ ಕಂಡಕ್ಟ್ರ ಮಾವ. ಈಗ ಮಾತಾಡ್ಸ್ಬೇಡಿ, ಬೆರಳು ಎಲ್ಲಾದ್ರೂ ತಾಗಿದ್ರೆ ಹಾರೋಗ್ತದೆ.”

“ಇಲ್ಲೇ ಓದ್ಬಾರ್ದಾ?”

“ಇಲ್ಲಿ ಓದಿದ್ರೆ ಅತ್ತೆಗೆ ಕೇಳ್ಸೋದು ಹೆಂಗೆ? ರೇಂಜ್ ಇರೋದು ಈ ದಿಬ್ಬದಲ್ಲಿ ಮಾತ್ರ. ತೆಗೆಯೋದು ಇಲ್ಲಿ, ಓದೋದು ಮನೇಲಿ. ಎಲ್ಲರ ಮನೇದೂ ಅದೇ ಕಥೆ.”

ಸೀತಾರಾಮಪ್ಪ ಆ ಇಬ್ಬರು ಹೆಂಗಸರನ್ನು ನೋಡಿದ. ಅವರೂ ಅಂಗೈ ಬಿಡಿಸಿಕೊಂಡು ಬೇರೆ ಬೇರೆ ದಾರಿ ಹಿಡಿದಿದ್ದರು. ಹನ್ನೊಂದು ಸೆಕೆಂಡಿನ ನಂತರ ಓದುಗರು ಎಲ್ಲಿಗೆ ಹೋಗುತ್ತಾರೆ ಎಂಬುದು ಅವನಿಗೆ ಕಣ್ಣೆದುರೇ ಕಂಡಿತು.

ಕೆರಿಯಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

“ಬಾ ತಮ್ಮ. ಮೊನ್ನೆ ಜ್ವರ ಬಂದಿತ್ತಾ ನಿಂಗೆ?”

“ಇಲ್ಲಲ ಅತ್ತಿಗೆ.”

“ಮತ್ತೆ ನನ್ನ ಮದುವೆನ ನಾಲ್ಕು ಸಾಲಿಗೆ ಮುಗ್ಸಿದೀಯ. ಅಕ್ಕಪಕ್ಕದವ್ರೆಲ್ಲ ಕೇಳಕ್ಕೆ ಬಂದಿದ್ರು. ಕುಂಡೆ ಊರೋ ಮುಂಚೆ ಆಗೋಯ್ತು. ಈ ಹುಡುಗಿಗೆ ಬೈದೆ, ದಾರೀಲಿ ಎಲ್ಲೋ ಬೀಳ್ಸಿಕೊಂಡು ಬಂದಿದೀಯ ಅಂತ.”

“ಜನ ಓದಲ್ಲ ಅಂತ ಮಿಷಿನ್ ಹೇಳ್ತು ಅತ್ತಿಗೆ.”

“ಅದು ಯಾವಾಗ ಬಂದಿತ್ತು ನಮ್ಮನೆಗೆ?”

೪

ಇನ್ನು ಮುಗಿಸಬೇಕು. ನನ್ನ ಬಳಿ ಮೂರು ಮುಕ್ತಾಯಗಳಿದ್ದವು.

ಅ) ‘ರೈಟ್ ರೈಟ್’ ಲಕ್ಷ ಓದುಗರನ್ನು ದಾಟುತ್ತದೆ. ಸೀತಾರಾಮಪ್ಪ ಒಪ್ಪಲಿಲ್ಲ: “ಅಷ್ಟು ಜನ ಹತ್ತಿದ್ರೆ ಟಿಕೆಟ್ ಕೊಡೋದು ಯಾರು, ನೀವಾ?”

ಆ) ಊರಿಗೆ ಟವರ್ ಬರುತ್ತದೆ. ಎಲ್ಲರೂ ತಮ್ಮ ತಮ್ಮ ಮೂಲೆಯಲ್ಲಿ ಕೂತು ಓದತೊಡಗಿ, ಜಗಲಿ ಖಾಲಿಯಾಗುತ್ತದೆ. ಸುಪ್ರಿಯಾ ಕೇಳಿದಳು, “ಟವರ್ ಬಂದ್ರೆ ನಿಮ್ಗೆ ಎಂತ ಕಷ್ಟ? ದಿನಾ ದಿಬ್ಬ ಹತ್ತೋದು ನೀವಾ ನಾನಾ?” ಹೊಡೆದು ಹಾಕಿದೆ.

ಇ) ಸೀತಾರಾಮಪ್ಪ ಕಂತು ಕಂತಾಗಿ ಬರೆಯುತ್ತ ಭೂತಪ್ಪನ ಕೊನೆಯ ದಿನಕ್ಕೆ ಬರುತ್ತಾನೆ. ಆಸ್ಪತ್ರೆ, ಮಳೆ, ಬಾರದ ಆಂಬುಲೆನ್ಸ್. ಸುಪ್ರಿಯಾ ಓದುತ್ತಾಳೆ, ಕೆರಿಯಮ್ಮ ಕೇಳುತ್ತಾಳೆ. ಇದನ್ನು ಚೆನ್ನಾಗಿ ಬರೆದಿದ್ದೆ.

ಕೆರಿಯಮ್ಮ ಮೊರ ಕೆಳಗಿಟ್ಟಳು.

“ಅದೊಂದು ಬೇಡ. ಆ ದಿನ ನಾನು ಅಲ್ಲೇ ಇದ್ದೆ. ಅದನ್ನ ನಂಗೆ ಯಾರೂ ಓದಿ ಹೇಳ್ಬೇಕಾಗಿಲ್ಲ.” ಇದನ್ನು ಹೇಳಿದ್ದು ನನಗೆ. ಆಮೇಲೆ ಸೀತಾರಾಮಪ್ಪನ ಕಡೆ ತಿರುಗಿದಳು. “ನೀನು ಬರೀತಾ ಇರು ತಮ್ಮ. ಅವ್ರು ಗಾಡಿ ಓಡಿಸ್ತಾ ಇರ್ಲಿ.”

“ಎಷ್ಟು ದಿನ ಅತ್ತಿಗೆ? ತೀರ್ಥಹಳ್ಳಿ ಬಂದೇ ಬರ್ತದಲ.”

“ದಾರೀಲಿ ಹೋಟ್ಲು ಇಲ್ವಾ?”

೪, ಇನ್ನೂ

ಮದುವೆಯ ದಿಬ್ಬಣವನ್ನು ಸೀತಾರಾಮಪ್ಪ ಮೊದಲಿನಿಂದ ಬರೆದ. ಓದಿ ಮುಗಿಸಲು ಆ ಜಗಲಿಗೆ ಎರಡು ಸಂಜೆ ಬೇಕಾದವು. ಸೋದರಮಾವ ಬಾಸಿಂಗ ಹಿಡಿದದ್ದು ಬಲಗೈಯಲ್ಲಿ ಅಲ್ಲ, ಎಡಗೈಯಲ್ಲಿ ಎಂದು ಕೆರಿಯಮ್ಮ ಸೊಸೆಯ ಕೈಲಿ ದಿಬ್ಬದಿಂದ ಸುದ್ದಿ ಕಳಿಸಿದಳು. ತಿದ್ದಿದ. ನಿಶಾಂತ್ ಸ್ಕ್ರೀನ್ ತಿರುಗಿಸುವುದನ್ನು ಬಿಟ್ಟಿದ್ದಾನೆ.

ಈಗ ಬಸ್ಸು ಬಟ್ಟೆಮಲ್ಲಪ್ಪದಲ್ಲಿ ನಿಂತಿದೆ. ಭೂತಪ್ಪ ಹೋಟೆಲಿಗೆ ಹೋಗಿ ಮೂರು ವಾರವಾಯಿತು. ಬರೆದಷ್ಟೂ ಚಾ ಬಿಸಿಯಾಗಿಯೇ ಇದೆ. ಹಿಂದಿನ ಸೀಟಿನಿಂದ ಒಬ್ಬರು ಗೊಣಗಲು ಶುರುಮಾಡಿದ್ದಾರೆ. ಅವರ ಅಳಿಯನ ಕೋರ್ಟು ಕೇಸಿನ ಕಥೆಯೇ ಮುಂದಿನ ಎರಡು ಕಂತು ಹಿಡಿಯುವಂತಿದೆ.

“ಇವತ್ತಾದ್ರೂ ಸೀಟಿ ಊದು ಮಾರಾಯ, ನಾನು ಕಥೆ ಮುಗಿಸಬೇಕು” ಅಂದೆ.

“ನಿಮ್ದು ನೀವು ಮುಗ್ಸಿಕೊಳ್ಳಿ, ಬೇಡ ಅಂದೋರ್ಯಾರು?” ಎಂದ ಸೀತಾರಾಮಪ್ಪ ಫೋನನ್ನು ಬಾಯಿಯ ಹತ್ತಿರ ತಂದುಕೊಂಡ. “ಆ ಹೋಟ್ಲಿನ ಬೆಕ್ಕಿನ ಬಗ್ಗೆ ನಾನಿನ್ನೂ ಬಾಯೇ ಬಿಟ್ಟಿಲ್ಲ. ಕೂತ್ಕಳಿ, ನಿಮಗೂ ಒಂದು ಚಾ ಹೇಳ್ತೀನಿ.”