ಮುಯ್ಯಾಳು

ಗೋಧಿ ಕೊಯ್ಲಿನ ಕಾಲ. ಇಬ್ಬನಿ ಆರುವ ಮೊದಲೇ, ಕಟಾವು ಮಿಷನ್ನು ಹೋಗಲಾಗದ ಧಣಿಯ ಇಳಿಜಾರು ಹೊಲದಲ್ಲಿ ಆಳುಗಳು ಸಾಲು ಹಿಡಿದಿದ್ದರು. ಕೊಯ್ದು ಹಾಕಿದ್ದನ್ನು ಸಿವುಡಕ್ಕ ಮೊಣಕಾಲಲ್ಲಿ ಅದುಮಿ ಸಿವುಡು ಕಟ್ಟುತ್ತ ಹೋಗುತ್ತಿದ್ದಳು. ಅವಳ ಕೈಚುರುಕಿಗೇ ಊರು ಆ ಹೆಸರಿಟ್ಟಿತ್ತು. ಕಣ್ಣು ಮಾತ್ರ ಬದುವಿನಾಚೆಯ ತುಂಡು ಹೊಲದ ಮೇಲಿತ್ತು. ಅಲ್ಲಿ ಗೋಧಿ ಬಲಿತು ಮೀರಿ, ಗಾಳಿ ಬೀಸಿದಾಗಲೆಲ್ಲ ಕಾಳು ಉದುರುತ್ತಿತ್ತು.

ಅದು ಆಚೆದಡದವನ ಹೊಲ. ಹೊಳೆ ದಾಟಿ ಬಂದು, ಇಲ್ಲೇ ಮದುವೆಯಾಗಿ, ತಲೆ ನರೆತರೂ ಊರಿಗೆ ಅವನು ಆಚೆದಡದವನೇ. ತುಂಡು ಹೊಲದವರೆಲ್ಲ ಧಣಿಗೆ ಕೂಲಿ ಮಾಡುತ್ತಿದ್ದರು, ತಮ್ಮತಮ್ಮಲ್ಲಿ ಮುಯ್ಯಾಳಾಗುತ್ತಿದ್ದರು: ನೀನು ನನ್ನ ಹೊಲಕ್ಕೆ ಎರಡು ದಿನ ಬಂದರೆ ನಿನ್ನದಕ್ಕೆ ನಾನು ಎರಡು ದಿನ. ಸಿವುಡಕ್ಕ ಜ್ವರದಲ್ಲಿ ಮಲಗಿದ್ದಾಗ ಅವಳ ಗೋಧಿಯನ್ನು ಎರಡು ದಿನ ನಿಂತು ಕೊಯ್ದುಕೊಟ್ಟವನು ಅವನು.

ಕೂಲಿ ಹೆಚ್ಚಿಸುವ ತನಕ ಕುಡುಗೋಲು ಮುಟ್ಟಬೇಡಿ ಎಂದು ಕಳೆದ ವರ್ಷ ಎಲ್ಲರನ್ನೂ ಕೂರಿಸಿದವನೂ ಅವನೇ. ಧಣಿ ಅಂದು ನಗುತ್ತಲೇ ಹೆಚ್ಚಿಸಿದ. ಈ ವರ್ಷ ಊರಿನ ಪಡ್ಡೆಹುಡುಗರಿಗೆ ಬೂದು ಅಂಗಿ ಹೊಲಿಸಿಕೊಟ್ಟ. ಹೊರಗಿನವನ ಹೊಲಕ್ಕೆ ಯಾರೂ ಮುಯ್ಯಾಳು ಹೋಗಕೂಡದೆಂದು ಬೂದು ಅಂಗಿಯವರು ಮನೆಮನೆಗೆ ಹೇಳಿಹೋದರು. ಆಮೇಲೆ ಕೂಲಿ ಇಳಿಯಿತು; ಯಾರೂ ಉಸಿರೆತ್ತಲಿಲ್ಲ. ಆ ಅಂಗಿಗಳಲ್ಲೊಂದನ್ನು ಸಿವುಡಕ್ಕ ತನ್ನ ಕೈಯಾರೆ ಒಗೆಯುತ್ತಿದ್ದಳು.

"ನಾಳೆ ಅವನ ಹೊಲಕ್ಕೆ ಹೋಗ್ತೀನಿ," ಎಂದಳು ಮಗನಿಗೆ, ಅಂದು ರಾತ್ರಿ ಊಟದ ಹೊತ್ತಿನಲ್ಲಿ.

"ನನ್ನ ಮರ್ಯಾದೆ ತೆಗೀಬೇಡಮ್ಮ. ಅಂಥವರು ಬಂದ ಮೇಲೇ ನಮಗೆ ಕೆಲಸ ಇಲ್ಲದ ಹಾಗಾಗಿದ್ದು."

"ಕೆಲಸ ಕಿತ್ಕೊಂಡಿದ್ದು ಧಣಿ ತಂದ ಕಟಾವು ಮಿಷನ್ನು ಕಣೋ. ಅದೂ ಹೊಳೆ ಈಜಿಕೊಂಡು ಬಂತಾ?"

"ಧಣಿ ನಮ್ಮವರು."

"ಕೂಲಿ ಇಳಿಸುವಾಗಲೂ?"

ಮಗ ತಟ್ಟೆ ಸರಿಸಿದ. "ಈ ಅಂಗಿ ಹಾಕೋ ಮುಂಚೆ ನನ್ನನ್ನ ಯಾರು ಮಾತಾಡಿಸ್ತಿದ್ರು ಹೇಳು? ಈಗ ಬೀದೀಲಿ ದಾರಿ ಬಿಡ್ತಾರೆ."

ಆ ಮಾತು ನಿಜವಾಗಿತ್ತು. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಅವಳೂ ಆಚೆದಡದವನೂ ಹೊತ್ತು ಮುಳುಗುವ ತನಕ ಕೊಯ್ದರು. ಬದುವಿನ ಮೇಲೆ ಬೂದು ಅಂಗಿಯವರು ಶಿಳ್ಳೆ ಹಾಕುತ್ತ ನಿಂತಿದ್ದರು. ಮಗನೂ ಇದ್ದ, ಶಿಳ್ಳೆ ಹಾಕಲಿಲ್ಲ, ಅಷ್ಟೆ.

ಬೆಳಗಾಗಿ ಹೋದರೆ ಹೊಲದ ತುಂಬ ದನ ನುಗ್ಗಿಸಿದ ತುಳಿತ. ಮಗ ನಸುಕಿನಲ್ಲಿ ಮನೆಗೆ ಬಂದು ಸದ್ದಾಗದಂತೆ ಕಾಲು ತೊಳೆದದ್ದು ಅವಳಿಗೆ ಕೇಳಿಸಿತ್ತು. ಯಾಕೆಂದು ಈಗ ತಿಳಿಯಿತು.

"ನನ್ನ ಮುಯ್ಯಿ ಇನ್ನೊಂದು ದಿನ ಬಾಕಿ ಇದೆಯಲ್ಲಪ್ಪ," ಎಂದಳು ಆಚೆದಡದವನಿಗೆ.

"ಕೊಯ್ಯೋಕೆ ಏನಿದೆ ಅಕ್ಕ? ಬಿಡು," ಎಂದು ಅವನು ಮಣ್ಣಿನಿಂದ ತೆನೆ ಆಯತೊಡಗಿದ.

ಸಿವುಡಕ್ಕ ಅಂದು ಧಣಿಯ ಕೂಲಿಗೆ ಹೋಗಲಿಲ್ಲ. ನೇರ ಹೋಗಿ, ತನ್ನಂತೆಯೇ ತುಂಡು ಹೊಲವಿದ್ದ ಗೊಣಗಜ್ಜನ ಮನೆ ಬಾಗಿಲು ಬಡಿದಳು. ಯಾರ ಜೊತೆ ಹೋದರೆ ಏನಾದೀತೋ ಎಂದು ಊರಲ್ಲಿ ಮುಯ್ಯಾಳೇ ನಿಂತುಹೋಗಿ, ಅಜ್ಜನ ಹೊಲವೂ ಧಣಿಯ ಮಿಷನ್ನಿಗೆ ಕಾಯುತ್ತಿತ್ತು.

"ನಿನ್ನ ಗೋಧಿಗೆ ನಾನೂ ಆಚೆದಡದವನೂ ಬರ್ತೀವಿ ಅಜ್ಜ."

"ಅವನೂನಾ? ನನ್ನದನ್ನೂ ದನ ಮೇಯಬೇಕಾ ತಾಯಿ?"

"ಮಿಷನ್ನಿನವನು ಬಾಡಿಗೆ ಅಂತ ಮೂರರಲ್ಲೊಂದು ಪಾಲು ಮೇಯ್ತಾನಲ್ಲ, ಅದಕ್ಕಿಂತ ದನ ವಾಸಿ."

ಅಜ್ಜ ಬೀದಿಯ ಆಚೀಚೆ ನೋಡಿದ. "ನಾಳೆ ಬನ್ನಿ. ಕತ್ತಲಿರುವಾಗಲೇ," ಎಂದು ಗೊಣಗಿ ಬಾಗಿಲೆಳೆದುಕೊಂಡ.

"ಬೆಳಕು ಹರಿದ ಮೇಲೇ ಬರ್ತೀವಿ," ಎಂದಳು ಸಿವುಡಕ್ಕ, ಮುಚ್ಚಿದ ಬಾಗಿಲಿಗೆ.