ಮೂರು ಹಡಗು, ಒಂದು ಬಾಗಿಲು

ಕೋದಂಡಪ್ಪ ಒಂದು ಕೊಡೆ ಕೊಳ್ಳುವುದಕ್ಕೆ ಮೂರು ತಿಂಗಳು ತೆಗೆದುಕೊಂಡ ಮನುಷ್ಯ. ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗಿನ ಅಂಗಡಿಗಳಲ್ಲೆಲ್ಲ ಕೊಡೆ ಬಿಚ್ಚಿಸಿ, ಮಡಿಸಿ, ಕಡ್ಡಿ ಎಣಿಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಕೊನೆಗೊಂದು ದಿನ ಕೊಡೆಯನ್ನು ಮನೆಗೆ ತಂದಾಗ ಮಳೆಗಾಲವೇ ಮುಗಿದಿತ್ತು. ಅಂಥವನ ಕೈಗೆ ಹಡಗು ಆರಿಸುವ ಕೆಲಸ ಕೊಟ್ಟರೆ ಏನಾಗುತ್ತದೆಂದು ನರಸಮ್ಮನಿಗೆ ಮೊದಲೇ ಹೊಳೆಯಬೇಕಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳು ಅವಳು. ಆದರೂ ನಂಬಿ ಕೂತಳು.

ಐವತ್ತೆಂಟನೇ ಇಸವಿಯ ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಮಗಳು ಮಂಗಮ್ಮನ ಕಾಗದ ಬಂತು, ಪಿನಾಂಗಿನಿಂದ. ಅಳಿಯ ಅಲ್ಲಿಯ ರಬ್ಬರ್ ತೋಟದಲ್ಲಿ ಮೇಸ್ತ್ರಿ. ಸಂಕ್ರಾಂತಿ ಹೊತ್ತಿಗೆ ದಿನ ತುಂಬುತ್ತದೆ, ಅಮ್ಮಾ ಈ ಸಲ ನೀನು ಪಕ್ಕದಲ್ಲಿರದಿದ್ದರೆ ನನಗೆ ಧೈರ್ಯವಿಲ್ಲ ಎಂದು ಬರೆದಿದ್ದಳು. ಮೊದಲನೇ ಕೂಸು ಹುಟ್ಟಿದ ದಿನವೇ ಹೋಗಿತ್ತು. ಆಗ ಮಂಗಮ್ಮನ ಹತ್ತಿರ ಇದ್ದದ್ದು ಇವಳ ಮಾತು ತಿಳಿಯದ ಒಬ್ಬ ನರ್ಸು ಮಾತ್ರ. ನರಸಮ್ಮ ಹೋಗಬೇಕೆಂದೇ ಇದ್ದಳು. ಪಾಸ್‌ಪೋರ್ಟು ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಪಾಸ್‌ಪೋರ್ಟು ಅಂದಿನಿಂದ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು.

ಈ ಸಲ ಪಾಸ್‌ಪೋರ್ಟು ಇದೆ, ಟಿಕೆಟ್ಟಿನ ಹಣವನ್ನು ಅಳಿಯನೇ ಕಳಿಸಿದ್ದಾನೆ, ಸೂಜಿ ಹಾಕಿಸಿಕೊಂಡದ್ದೂ ಆಯಿತು. ಇನ್ನು ಹಡಗೊಂದೇ ಬಾಕಿ.

ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಎದುರು ಜಯರಾಮಪ್ಪ ಎಂಬಾತ ಸೈಕಲ್ ರಿಪೇರಿ ಮಾಡಿಕೊಂಡು, ಜೊತೆಗೆ ಮದರಾಸಿನ ಕಂಪನಿಗಳಿಂದ ಹಡಗಿನ ಟಿಕೆಟ್ಟನ್ನೂ ತರಿಸಿಕೊಡುತ್ತಿದ್ದ. ಕೋದಂಡಪ್ಪ ಭಾನುವಾರ ಭಾನುವಾರ ರೈಲು ಹತ್ತಿ ಅವನ ಅಂಗಡಿಗೆ ಹೋಗಿ ಕೂರತೊಡಗಿದ. ಮನೆಗೆ ಬಂದವನೇ ಸುಣ್ಣದ ಕಡ್ಡಿ ಹಿಡಿದು ಅಡುಗೆಮನೆಯ ಬಾಗಿಲ ಮೇಲೆ ಬರೆಯುತ್ತಿದ್ದ. ಮೇಲೆ ಸಾಲಾಗಿ ಮೂರು ಹಡಗಿನ ಚಿತ್ರ, ಕೆಳಗೆ ಅವುಗಳ ಗುಣಾವಗುಣ. ಕಂಪನಿಗಳ ಹೆಸರು ಬಾಯಿಗೆ ಸಿಗುವಂಥದ್ದಲ್ಲ, ಅದಕ್ಕೆ ಅವನೇ ಹೆಸರಿಟ್ಟಿದ್ದ: ಬಿಳೀ ಹಡಗು, ಕರೀ ಚಿಮಣಿ, ಮೂಟೆ ಹಡಗು.

ಬಿಳೀ ಹಡಗು ಐದೇ ದಿನಕ್ಕೆ ಪಿನಾಂಗು ಮುಟ್ಟುತ್ತದೆ. ಮಲಗಲು ಮಂಚ, ಗಾಳಿಗೆ ಫ್ಯಾನು, ಶನಿವಾರ ಸಿನಿಮಾ. ಟಿಕೆಟ್ಟು ಮಾತ್ರ ಕರೀ ಚಿಮಣಿಯ ಟಿಕೆಟ್ಟಿನ ಎರಡರಷ್ಟು. ಕರೀ ಚಿಮಣಿ ಹಳೇ ಹಡಗು, ನಾಗಪಟ್ಟಣದಲ್ಲಿ ಒಂದು ಹಗಲು ನಿಂತು ಎಂಟು ದಿನಕ್ಕೆ ಮುಟ್ಟುತ್ತದೆ. ಚಾಪೆ ನಮ್ಮದು, ಅನ್ನ ಸಾರು ಅವರದು, ಒಬ್ಬ ಡಾಕ್ಟರೂ ಇರುತ್ತಾನೆ. ಮೂಟೆ ಹಡಗು ಎಲ್ಲಕ್ಕಿಂತ ಅಗ್ಗ. ಈರುಳ್ಳಿ ಮೂಟೆಗಳ ನಡುವೆ ಜಾಗ, ಅಡುಗೆ ನಾವೇ ಮಾಡಿಕೊಳ್ಳಬೇಕು, ಮೂಟೆ ತುಂಬಿದ ದಿನ ಹೊರಡುತ್ತದೆ, ಮುಟ್ಟಿದ ದಿನ ಮುಟ್ಟುತ್ತದೆ.

ಬಾಗಿಲ ಮೇಲಿನದನ್ನು ನೋಡಲು ಲೈನಿನವರೆಲ್ಲ, ಅಂದರೆ ಚಿನ್ನದ ಗಣಿಯ ಕೆಲಸಗಾರರ ಆ ಸಾಲುಮನೆಗಳವರೆಲ್ಲ ಬಂದರು. ಹಡಗು ಹತ್ತಿ ಇಳಿದವರು ಆ ಲೈನಿನಲ್ಲಿ ಇಬ್ಬರೇ. ಸಿಂಗಪೂರದ ಬಂದರಿನಲ್ಲಿ ಹತ್ತು ವರ್ಷ ಮೂಟೆ ಹೊತ್ತು ಬಂದ ಮುನಿಶಾಮಿ ಒಬ್ಬ, ಮಲಯದ ತೋಟದಿಂದ ವಾಪಸಾದ ಅಮ್ಮಾಜಮ್ಮ ಇನ್ನೊಬ್ಬಳು. ಇಬ್ಬರೂ ಜಗಲಿಯ ಮೇಲೆ ಕೂತು ತಂತಮ್ಮ ಹಡಗಿನ ಪರ ವಕಾಲತ್ತು ವಹಿಸಿದರು.

"ಬಿಳೀದು ಅಂದ್ರೆ ಮಾವನ ಮನೆ ಇದ್ದಂಗೆ ಕಣಕ್ಕ. ಬೆಳಗ್ಗೆ ಎದ್ರೆ ಟೀ, ಬನ್ನು. ಒಂದು ತೊಟ್ಟು ನೀರು ಅಲ್ಲಾಡಲ್ಲ" ಎಂದ ಮುನಿಶಾಮಿ.

"ಬನ್ನು ತಿಂದು ಎಷ್ಟು ದಿನ ಇರ್ತಾಳಪ್ಪಾ? ಕರೀ ಚಿಮಣೀಲಿ ಬಿಸಿ ಅನ್ನ ಆಕ್ತಾರೆ. ನಮ್ಮೋರ ಅಡ್ಗೆಮನೆ ಬೇರೆ, ಸಾಬ್ರ ಅಡ್ಗೆಮನೆ ಬೇರೆ. ನಂಗೆ ಜ್ವರ ಬಂದಾಗ ಡಾಕ್ಟ್ರು ಎರಡು ಸಲ ಬಂದು ನೋಡ್ದ. ನಿನ್ ಬಿಳೀ ಅಡಗ್ನಾಗೆ ನೀನು ಬಂದಿದ್ದು ಟಿಕೆಟ್ ತಗೊಂಡೋ, ಮೂಟೆ ಒತ್ಕೊಂಡೋ?" ಎಂದಳು ಅಮ್ಮಾಜಮ್ಮ.

ಮುನಿಶಾಮಿ ಬೀಡಿ ಹಚ್ಚಿದ. ಅಮ್ಮಾಜಮ್ಮ ನರಸಮ್ಮನ ಕಡೆ ತಿರುಗಿ, ಹತ್ತಿದ ಕೂಡಲೇ ಹಡಗಿನ ನಡುಮಧ್ಯ ಅಡುಗೆಮನೆಯ ಗೋಡೆ ಪಕ್ಕ ಚಾಪೆ ಹಾಸಿಬಿಡು, ಅಲ್ಲಿ ತೂಗಾಟ ಕಡಿಮೆ, ನಿಂಬೆಹಣ್ಣು ಇಟ್ಟುಕೋ ಎಂದು ಬುದ್ಧಿ ಹೇಳಿದಳು. ನರಸಮ್ಮ ಅದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡಳು.

ಕೋದಂಡಪ್ಪನಿಗೆ ಬನ್ನೂ ಬೇಡ, ಅನ್ನವೂ ಬೇಡ. ಅವನ ಲೆಕ್ಕಾಚಾರ ಬೇರೆ. ಅವನು ಗಣಿಯ ಬಾವಿಯ ಬಾಯಲ್ಲಿ ನಿಂತು ಬೆಲ್ ಹೊಡೆಯುವವನು. ಜನರನ್ನು, ಕಲ್ಲನ್ನು ಭೂಮಿಯೊಳಕ್ಕೆ ಇಳಿಸುವ ಕಬ್ಬಿಣದ ತೊಟ್ಟಿಲಿಗೆ ಕೇಜು ಎನ್ನುತ್ತಾರೆ. ಅದನ್ನು ಉಕ್ಕಿನ ರೋಪಿನಿಂದ ಎಳೆಯುವ ಡ್ರೈವರು ದೂರದ ಇಂಜಿನ್ ಮನೆಯಲ್ಲಿರುತ್ತಾನೆ, ಅವನಿಗೆ ಕೇಜು ಕಾಣುವುದಿಲ್ಲ. ಒಂದು ಬೆಲ್ಲಿಗೆ ಎತ್ತುತ್ತಾನೆ, ಎರಡಕ್ಕೆ ಇಳಿಸುತ್ತಾನೆ. ಒಳಗೆ ಜನ ನಿಂತಿದ್ದರೆ ಮೊದಲು ಮೂರು ಹೊಡೆಯಬೇಕು. ಮೂರು ಕೇಳಿದರೆ ಕಲ್ಲಲ್ಲ, ಜನ ಎಂದು ತಿಳಿದು ಡ್ರೈವರು ಮೆಲ್ಲಗೆ ಬಿಡುತ್ತಾನೆ. ಕೋದಂಡಪ್ಪ ದಿನಕ್ಕೆ ಎಷ್ಟು ಸಲ ಮೂರು ಹೊಡೆಯುತ್ತಿದ್ದನೋ, ಊಟಕ್ಕೆ ಕೂತಾಗಲೂ ಅವನ ಬೆರಳು ತಟ್ಟೆಯ ಅಂಚಿನ ಮೇಲೆ ಮೂರು ಸಲ ಆಡುತ್ತಿತ್ತು.

ಹೀಗಾಗಿ ಬಿಳೀ ಹಡಗಿನ ಮಂಚ ನೀರಿಗಿಂತ ಮೂರು ಅಂತಸ್ತು ಕೆಳಗಿದೆ ಎಂದು ಗೊತ್ತಾದದ್ದೇ ತಡ, ಅವನು ಅದಕ್ಕೆ ಅಡ್ಡಗೀಟು ಹಾಕಿದ. ಕೆಳಗೆ ಹೋದಷ್ಟೂ ಬೆಂಕಿಯಂಥ ಕಾವು ಎಂಬುದು ಗಣಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಫ್ಯಾನಿದೆಯಲ್ಲ ಎಂದು ಜಯರಾಮಪ್ಪ ಎಷ್ಟು ಹೇಳಿದರೂ, "ನಮ್ಮಲ್ಲೂ ಗಾಳಿ ಬಿಡ್ತಾರಣ್ಣಾ, ಬಂದು ಒಂದು ಗಂಟೆ ನಿಂತ್ಕೊಂಡು ನೋಡು" ಎಂದುಬಿಟ್ಟ. ಮುಂದಿನ ವಾರ ಇನ್ನೊಂದು ಪ್ರಶ್ನೆ ತೆಗೆದ.

"ಅಡಗು ಓಡ್ಸೋನು ಎಲ್ಲೋ ಮೇಲೆ ಕೂತಿರ್ತಾನೆ. ಕೆಳಗಡೆ ಜನ ಅವ್ರೆ ಅಂತ ಅವನಿಗೆ ಯಾರು ಏಳ್ತಾರೆ?"

"ಟಿಕೆಟ್ ಕೊಟ್ಟೋರಿಗೆ ಗೊತ್ತಿರಲ್ವೇನಪ್ಪಾ?"

"ಗೊತ್ತಿದ್ರೆ ಸಾಲ್ದು. ಬೆಲ್ ಒಡೀಬೇಕು. ಎಷ್ಟು ಒಡೀತಾರೆ, ಕೇಳಿ ಏಳು."

ಜಯರಾಮಪ್ಪ ಪಾಪ ಸೈಕಲ್ಲಿನ ಬೆಲ್ ಬಿಟ್ಟರೆ ಬೇರೆ ಬೆಲ್ಲು ಕಂಡವನಲ್ಲ. ಮದರಾಸಿಗೆ ಬರೆದು ಕೇಳುತ್ತೇನೆ ಎಂದು ತಲೆ ತಪ್ಪಿಸಿಕೊಂಡ. ಕೋದಂಡಪ್ಪ ಮನೆಗೆ ಬಂದು ಬಾಗಿಲ ಮೇಲೆ ಎಲ್ಲದರ ಕೆಳಗೆ ಹೊಸದೊಂದು ಸಾಲು ಬರೆದ: ಬೆಲ್. ಮೂರು ಹಡಗಿನ ಕೆಳಗೂ ಆ ಜಾಗ ಖಾಲಿಯೇ ಉಳಿಯಿತು.

ಒಂದು ಭಾನುವಾರ ಹೋಗಿ ಐದು ಭಾನುವಾರವಾಯಿತು. ನರಸಮ್ಮ ರಾಗಿ ಹುರಿದು ಬೀಸಿದಳು. ಓಮ, ಬಜೆ, ಒಣಶುಂಠಿ, ಬೆಳ್ಳುಳ್ಳಿ ಗಂಟು ಕಟ್ಟಿದಳು. ಹಳೇ ಸೀರೆ ಒಗೆದು ಕೂಸಿಗೆ ಮೆತ್ತಗಿನ ಬಟ್ಟೆ ಹರಿದಿಟ್ಟಳು. ಏನಾಯಿತು ಎಂದು ಕೇಳಿದಾಗಲೆಲ್ಲ, "ನೋಡ್ತಾ ಇವ್ನಿ ಕಣೆ, ಇದೇನು ಬದನೇಕಾಯಾ?" ಎನ್ನುತ್ತಿದ್ದ ಅವನು. ಡಿಸೆಂಬರ್ ಅರ್ಧ ಕಳೆಯುತ್ತ ಬಂತು. ಸೌದೆ ತರಲು ಬಾಗಿಲು ತೆಗೆದಾಗ, ನೀರು ತರಲು ಹಾಕಿದಾಗ, ಮೂರು ಹಡಗುಗಳೂ ಅವಳ ಮುಖದ ಮುಂದೆ ಅತ್ತ ಇತ್ತ ಓಡಾಡುತ್ತಿದ್ದವು. ಒಂದೂ ಹೊರಡುತ್ತಿರಲಿಲ್ಲ.

ಆ ಶುಕ್ರವಾರ ಬಿಸಿಲು ಚುರುಕಾಗಿತ್ತು. ಗಂಡ ಪಾಳಿಗೆ ಹೋಗಿದ್ದ. ಅಂಗಡಿಗೆ ಹೊರಟ ನರಸಮ್ಮ ಗೂಟಕ್ಕೆ ತೂಗುಹಾಕಿದ್ದ ಕೊಡೆ ತೆಗೆದು ಬಿಚ್ಚಿದಳು. ಒಳಗಿನಿಂದ ಒಂದು ಕಾರ್ಡು ಜಾರಿ ಕಾಲ ಮೇಲೆ ಬಿತ್ತು.

ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ ಅವಳನ್ನು ಇನ್ನೂ ಬಿಟ್ಟಿರಲಿಲ್ಲ. ಬೆರಳಿಟ್ಟುಕೊಂಡು ಓದಿದಳು. ಜಯರಾಮಪ್ಪ ಬರೆದದ್ದು. ಬಿಳೀ ಹಡಗು ಭರ್ತಿಯಾಯಿತು. ಮೂಟೆ ಹಡಗಿನದು ದಿನ ಗೊತ್ತಿಲ್ಲ. ಕರೀ ಚಿಮಣಿ ಇಪ್ಪತ್ನಾಲ್ಕಕ್ಕೆ ಬಿಡುತ್ತದೆ, ಶನಿವಾರದೊಳಗೆ ಬಂದು ಹಣ ಕಟ್ಟಿ, ಇದು ತಪ್ಪಿದರೆ ಮುಂದಿನದು ಮುಟ್ಟುವುದು ಸಂಕ್ರಾಂತಿ ಕಳೆದ ಮೇಲೆ. ಮೇಲೆ ಬಿದ್ದ ಅಂಚೆ ಮುದ್ರೆ ನೋಡಿದಳು. ಕಾರ್ಡು ಬಂದು ಮೂರು ದಿನವಾಗಿತ್ತು.

ನರಸಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಮೊದಲು ಕೋಪ ಬಂತು. ಮಳೆಯಿಲ್ಲದ ತಿಂಗಳಲ್ಲಿ ಕೊಡೆ ಯಾರು ಬಿಚ್ಚುತ್ತಾರೆ ಎಂದು ಅಲ್ಲಿ ಸಿಕ್ಕಿಸಿದ ಅವನ ಜಾಣತನಕ್ಕೆ ನಗುವೂ ಬರುವಂತಿತ್ತು, ಆದರೆ ಬರಲಿಲ್ಲ. ಈ ಮನುಷ್ಯ ಐದು ವಾರದಿಂದ ಹಡಗು ಹುಡುಕುತ್ತಿಲ್ಲ, ನಾನು ಹೋಗದಂತೆ ದಿನ ನೂಕುತ್ತಿದ್ದಾನೆ ಎಂದು ಆಗ ಅವಳಿಗೆ ಅರ್ಥವಾಯಿತು. ಎದ್ದು ಬಟ್ಟೆ ನೆನೆಸಿ ತಂದು ಬಿಳೀ ಹಡಗನ್ನು ಒರೆಸಿದಳು. ಆಮೇಲೆ ಮೂಟೆ ಹಡಗನ್ನು. ಬಾಗಿಲ ಮೇಲೆ ಕರೀ ಚಿಮಣಿಯೊಂದೇ ಉಳಿಯಿತು. ಕಾರ್ಡನ್ನು ಅದರ ಪಕ್ಕದ ಸೀಳಿನಲ್ಲಿ ಸಿಕ್ಕಿಸಿ ಒಲೆ ಹಚ್ಚಿದಳು.

ಮಧ್ಯಾಹ್ನ ಪಾಳಿ ಮುಗಿಸಿ ಬಂದ ಕೋದಂಡಪ್ಪ ಬಾಗಿಲು ನೋಡಿದ, ಕಾರ್ಡು ನೋಡಿದ, ಗೋಡೆಗೊರಗಿ ಕೂತ.

"ಮೊದಲ್ನೇ ಕೂಸಿನ ಟೈಮ್ನಾಗೆ ಪಾಸ್‌ಪೋರ್ಟು ಬರ್ಲಿಲ್ಲ, ಸರ್ಕಾರದೋರ್ನ ಬೈದೆ" ಎಂದಳು ನರಸಮ್ಮ. ದನಿ ಏರಿಸಲಿಲ್ಲ. "ಈ ಸಲ ಯಾರ್ನ ಬೈಯ್ಲಿ, ಮಂಗಿ ಅಪ್ಪಾ?"

ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ: "ಆರು ವರ್ಷದ ಕೆಳಗೆ ಮೂರು ಒಡ್ದು ಏಳು ಜನನ್ನ ಇಳಿಸ್ದೆ. ಕೆಳಗೆ ಬಂಡೆ ಸಿಡೀತು. ಒಬ್ರೂ ಮೇಲಕ್ ಬರ್ಲಿಲ್ಲ. ನಾನು ನೋಡಿದ ರೋಪು, ನಂಗೆ ಗೊತ್ತಿರೋ ಡ್ರೈವರು, ನಾನೇ ಒಡ್ದ ಬೆಲ್ಲು. ಆದ್ರೂ ಬರ್ಲಿಲ್ಲ. ಈ ಅಡಗಿಂದು ರೋಪು ಎಲ್ಲೈತೆ ಅಂತ್ಲೂ ನಂಗೆ ಗೊತ್ತಿಲ್ಲ ಕಣೆ ನರಸಿ. ನಿನ್ನ ಎಂಗೆ ಇಳಿಸ್ಲಿ?"

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನರಸಮ್ಮ ಕೇಳಿರಲಿಲ್ಲ. ಆ ಏಳು ಜನರಲ್ಲಿ ಇಬ್ಬರು ಇದೇ ಲೈನಿನವರು. ಅವರ ಮನೆ ಮುಂದೆ ಹಾಯುವಾಗ ಗಂಡ ತಲೆ ತಗ್ಗಿಸಿ ನಡೆಯುತ್ತಿದ್ದದ್ದು ಯಾಕೆಂದು ಇಷ್ಟು ದಿನ ಕೇಳದೆ ಹೋದೆನಲ್ಲ ಎಂದು ಅವಳಿಗೆ ನೋವಾಯಿತು. ಕೋಪ ಅಲ್ಲೇ ಕರಗಿತು. ಆದರೆ ಮನಸ್ಸು ಬದಲಾಗಲಿಲ್ಲ.

"ನಿಂಗೆ ಭಯ ಐತೆ. ನಂಗೂ ಐತೆ" ಎಂದಳು. "ಅಲ್ಲಿ ನಮ್ಮ ಮಂಗಿಗೆ ನಮ್ಮಿಬ್ರಿಗಿಂತ ಜಾಸ್ತಿ ಐತೆ. ನಾಳೆ ಮೊದಲ್ನೇ ಗಾಡಿಗೆ ಓಗಿ ದುಡ್ಡು ಕಟ್ಟಿ ಬಾ. ನೀನು ಓಗ್ದಿದ್ರೆ ನಾನೇ ಓಗ್ತೀನಿ."

ಮುದ್ದೆ ಬಡಿಸಿದಳು. ಅವನು ಉಂಡು, ಕೈ ತೊಳೆದು, "ಓಗ್ ಬತ್ತೀನಿ" ಎಂದ.

ಹೊರಟ ದಿನ ಬಂಗಾರಪೇಟೆಯ ಪ್ಲಾಟ್‌ಫಾರಂ ತುಂಬ ಜನ. ಬಂದರು ಬಲ್ಲ ಮುನಿಶಾಮಿ ಮದರಾಸಿನವರೆಗೂ ಜೊತೆಗೆ ಬಂದು ಹಡಗು ಹತ್ತಿಸುವುದೆಂದು ಮಾತಾಗಿತ್ತು. ಕೋದಂಡಪ್ಪನಿಗೆ ರಜೆ ಸಿಕ್ಕಿದ್ದು ಅರ್ಧ ದಿನ. ನರಸಮ್ಮ ಕಿಟಕಿಯ ಪಕ್ಕ ಕೂತು ಗಂಟುಗಳನ್ನು ಕಾಲ ಕೆಳಗೆ ತಳ್ಳಿಕೊಂಡಳು. ಅವನು ಹೊರಗೆ ಕೊಡೆ ಊರಿಕೊಂಡು ನಿಂತಿದ್ದ. ನಿಂಬೆಹಣ್ಣು ಇಟ್ಟುಕೊಂಡೆಯಾ ಎಂದು ಎರಡು ಸಲ ಕೇಳಿದ, ಎರಡು ಸಲವೂ ಹೂಂ ಎಂದಳು.

ಗಾರ್ಡು ಹಸಿರು ಬಾವುಟ ಬಿಚ್ಚಿದ. ಆಗ ಕೋದಂಡಪ್ಪ ಕೊಡೆಯನ್ನು ತಿರುಗಿಸಿ ಹಿಡಿದು, ಅದರ ಹಿಡಿಕೆಯಿಂದ ಅವಳ ಕಿಟಕಿಯ ಕೆಳಗಿನ ಕಬ್ಬಿಣದ ತಗಡಿಗೆ ಹೊಡೆದ. ಒಂದು. ಎರಡು. ಮೂರು. ಅವಸರವಿಲ್ಲದೆ, ಒಂದೊಂದರ ನಡುವೆ ಅಷ್ಟೇ ಜಾಗ ಬಿಟ್ಟು, ಮೂವತ್ತು ವರ್ಷ ಬಾವಿಯ ಬಾಯಲ್ಲಿ ಹೊಡೆದ ಹಾಗೆ. ಎದುರಿನ ಸೀಟಿನವರು ಇದೇನು ಹುಚ್ಚು ಎಂದು ಬಗ್ಗಿ ನೋಡಿದರು. ಗಾಡಿ ಮೆಲ್ಲಗೆ ಸರಿಯಿತು. ನರಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಪ್ಲಾಟ್‌ಫಾರಂ ದಾಟಿ ಎಷ್ಟೋ ದೂರದವರೆಗೆ.

ಹಡಗಿನಲ್ಲಿ ಎರಡು ದಿನ ವಾಂತಿ ಮಾಡಿದಳು. ಮೂರನೇ ದಿನ ಎದ್ದು ತಟ್ಟೆ ಹಿಡಿದು ಅನ್ನದ ಸಾಲಿನಲ್ಲಿ ನಿಂತಳು. ಅಮ್ಮಾಜಮ್ಮ ಹೇಳಿದ ಗೋಡೆ ಪಕ್ಕದ ಜಾಗ ಸಿಕ್ಕಿತ್ತು, ಸಾರು ನೀರಾಗಿದ್ದರೂ ಬಿಸಿಯಾಗಿತ್ತು. ಪಿನಾಂಗು ಮುಟ್ಟಿ ಒಂಬತ್ತು ದಿನಕ್ಕೆ ಮಂಗಮ್ಮನಿಗೆ ನೋವು ಬಂತು. ಹೆಣ್ಣು ಕೂಸು ಹುಟ್ಟಿದಾಗ ಅದನ್ನು ಹಳೇ ಸೀರೆಯ ಬಟ್ಟೆಗೆ ತೆಗೆದುಕೊಂಡ ಮೊದಲ ಕೈ ನರಸಮ್ಮನದು. ಕೂಸು ಅತ್ತಿತು, ತಾಯಿಯೂ ಅಜ್ಜಿಯೂ ಅತ್ತರು, ಈ ಸಲ ಯಾರೂ ಹೋಗಲಿಲ್ಲ.

ಐದು ತಿಂಗಳ ಬಾಣಂತನ ಮುಗಿಸಿ ಅವಳು ಮಾರಿಕುಪ್ಪಂನಲ್ಲಿ ಇಳಿದಾಗ ಮೊದಲ ಮಳೆ ಬಿದ್ದು ನಿಂತಿತ್ತು. ಕೋದಂಡಪ್ಪ ಕೊಡೆ ಹಿಡಿದು ಸ್ಟೇಷನ್ನಿಗೆ ಬಂದಿದ್ದ. ಕೂಸು ಯಾರ ಹಾಗಿದೆ, ಅಳಿಯ ಹೇಗಿದ್ದಾನೆ ಎಂದು ಏನೂ ಕೇಳಲಿಲ್ಲ. ಗಂಟನ್ನು ಹೆಗಲಿಗೆ ಹಾಕಿಕೊಂಡು ಕೇಳಿದ್ದು ಒಂದೇ:

"ಡ್ರೈವರು ಎಂಗೆ ಓಡಿಸ್ದ?"

"ಮೆಲ್ಲಗೆ ಓಡಿಸ್ದ" ಎಂದಳು. "ಓಗ್ತಾನೂ, ಬತ್ತಾನೂ."

ಮನೆಯಲ್ಲಿ ಅಡುಗೆಮನೆಯ ಬಾಗಿಲ ಮೇಲೆ ಕರೀ ಚಿಮಣಿ ಹಾಗೆಯೇ ಇತ್ತು. ಐದು ತಿಂಗಳು ಅವನು ಅದಕ್ಕೆ ಕೈ ತಾಕಿಸದೆ, ಬಾಗಿಲನ್ನು ಅಂಚು ಹಿಡಿದೇ ತೆಗೆದು ಹಾಕಿದ್ದಿರಬೇಕು, ಸುಣ್ಣದ ಒಂದು ಗೆರೆಯೂ ಅಳಿಸಿರಲಿಲ್ಲ. ಎಲ್ಲದರ ಕೆಳಗಿನ ಬೆಲ್ಲಿನ ಜಾಗ ಮಾತ್ರ ಖಾಲಿಯಿತ್ತು. ನರಸಮ್ಮ ಗೂಡಿನಿಂದ ಸುಣ್ಣದ ಕಡ್ಡಿ ತೆಗೆದು, ಅಲ್ಲಿ ಮೂರು ಗೀಟು ಎಳೆದು, ಆಮೇಲೆ ಕಾಲು ತೊಳೆಯಲು ಹೋದಳು.