ಮೇಷ್ಟ್ರಿಗೆ ಸಿಕ್ಕಿದ್ದು

ಟಿಣ್.

ದಿಂಬಿನ ಕೆಳಗಿದ್ದ ಫೋನಿನ ಸದ್ದು. ಚಮಚ ಲೋಟಕ್ಕೆ ತಾಗಿದಷ್ಟು ಸಣ್ಣದು. ಪಕ್ಕದಲ್ಲಿ ಗಂಡನ ಗೊರಕೆ ಒಂದು ಉಸಿರೂ ತಪ್ಪಲಿಲ್ಲ. ಅವಳು ಮಾತ್ರ ಆಗಲೇ ಎದ್ದು ಕೂತು ಪರದೆಯ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದಳು. ಕೆಂಪು ಅಂಕಿ. ತೊಂಬತ್ತೇಳು.

ಬರಿಗಾಲಲ್ಲಿ ಹೊರಗೆ ಬಂದಳು. ಊಟದ ಮೇಜಿನ ಮೇಲೆ ತೆರೆದೇ ಇಟ್ಟಿದ್ದ ಲ್ಯಾಪ್‌ಟಾಪಿನಲ್ಲೂ ತೊಂಬತ್ತೇಳು. ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಹಳೆಯ ಟ್ಯಾಬಿನಲ್ಲೂ ತೊಂಬತ್ತೇಳು. ಒಬ್ಬರು ಸುಳ್ಳು ಹೇಳಿಯಾರು, ಮೂವರೂ ಹೇಳುತ್ತಾರೆಯೇ?

ಎರಡು ಗಂಟೆಗೆ ಹದಿಮೂರು ನಿಮಿಷವಿತ್ತು. ಅವಳು ಕರೆ ಮಾಡಿದಳು. ಮೂರನೆಯ ರಿಂಗಿಗೆ ಆ ಕಡೆಯಿಂದ ಕೆಮ್ಮು ಕೇಳಿಸಿತು.

"ಹೇಳಿ ಮೇಡಂ."

"ಮೇಷ್ಟ್ರೇ, ತೊಂಬತ್ತೇಳು. ಇಪ್ಪತ್ತು ನಿಮಿಷದಿಂದ ಇಳೀತಾನೇ ಇಲ್ಲ."

"ಹಗಲೆಲ್ಲ ಸಾಧು, ರಾತ್ರಿಯಾದ್ರೆ ರಾಕ್ಷಸ," ಎಂದರು ಮೇಷ್ಟ್ರು. ಮಂಚ ಕಿರುಗುಟ್ಟಿತು. "ಸರಿ, ಹೋಗಿ ಮೈ ಮುಟ್ಟಿ ನೋಡ್ತೀನಿ. ನೀವು ಮಲ್ಕೊಳ್ಳಿ."

"ನಿಮಗೆ ಸುಮ್ನೆ ತೊಂದ್ರೆ..."

"ನಿದ್ದೆ ಹೇಗೂ ಹಾಳಾಯ್ತಲ್ಲ, ಇನ್ನೇನು ತೊಂದ್ರೆ? ಇಡಿ ಫೋನು."

ಹಿಂದಿನ ನಾಲ್ಕು ಸಲ, ಮೇಷ್ಟ್ರು ಕಚೇರಿ ತಲುಪಿ "ಬಂದೆ" ಎಂದು ಸಂದೇಶ ಕಳಿಸಿದ ಕೂಡಲೇ ಅವಳು ಮೂರೂ ಪರದೆ ಮುಚ್ಚಿ ಮಲಗಿಬಿಟ್ಟಿದ್ದಳು. ಅವರು ಬಂದರೆ ಸಾಕು, ಅರ್ಧ ಭಯ ಇಳಿಯುತ್ತಿತ್ತು. ಈ ಸಲ ಯಾಕೋ ಆಗಲಿಲ್ಲ. "ಬಂದೆ" ಎಂಬ ಸಂದೇಶ ಬಂದ ಮೇಲೂ ಅಡುಗೆಮನೆಗೂ ಮೇಜಿಗೂ ನಡುವೆ ಓಡಾಡುತ್ತಲೇ ಇದ್ದಳು. ಎರಡು ಐವತ್ತಕ್ಕೆ ಟ್ಯಾಬಿನ ಪುಟ ಬೆಳ್ಳಗಾಗಿ, "ಸಂಪರ್ಕ ಕಡಿದಿದೆ" ಎಂದು ತೋರಿಸಿತು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್. ಆಮೇಲೆ ಕೈಯಲ್ಲೇ ಇದ್ದ ಫೋನು. ಮುಗಿಯಿತು, ಕಚೇರಿಯ ಕಂಪ್ಯೂಟರ್ ಪೆಟ್ಟಿಗೆ ಸತ್ತಿತು ಎಂದು ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಗ ಸಂದೇಶ ಬಂತು: "ಸರಿಹೋಯ್ತು. ಇನ್ನು ಹೆದರಬೇಡಿ. ಮಲಗಿ."

ತಿಂಗಳಿಂದ ಮಲಗಿರದಷ್ಟು ಗಾಢವಾಗಿ ಅವಳು ಮಲಗಿದಳು.

ಬೆಳಿಗ್ಗೆ ಐದೂವರೆಗೆ ವಾಚ್‌ಮನ್ ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರ್ ಕೋಣೆಯ ದೀಪ ಉರಿಯುತ್ತಿದೆಯಲ್ಲ ಎಂದು ಇಣುಕಿದಾಗ, ಮೇಷ್ಟ್ರು ಪೆಟ್ಟಿಗೆಯ ಎದುರಿನ ಕುರ್ಚಿಯಲ್ಲಿ ಸ್ವೆಟರಿನ ಗುಂಡಿ ಹಾಕಿಕೊಂಡು ತಲೆ ಬಗ್ಗಿಸಿ ಕೂತಿದ್ದರು. ಮೈ ತಣ್ಣಗಾಗಿತ್ತು.

*

ಮರುದಿನ ಮಧ್ಯಾಹ್ನ ಅವಳು ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮೇಷ್ಟ್ರನ್ನು ಮಲಗಿಸಲು ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದರು. ಅವರ ಹೆಂಡತಿ ಪ್ಯಾಂಟು ಗಿಡ್ಡ ಮಾಡಿಕೊಡುವ, ಜಿಪ್ ಹಾಕಿಕೊಡುವ ಕೆಲಸದವರು. ಯಾರದೋ ಅರ್ಧ ಹೊಲಿದ ಪ್ಯಾಂಟು ಇನ್ನೂ ಸೂಜಿಯ ಕೆಳಗೇ ಸಿಕ್ಕಿಕೊಂಡಿತ್ತು.

"ನಮ್ಮ ಫ್ರಿಜ್ ಕೆಟ್ಟಾಗ ಕರೆದಿದ್ದೆ," ಪಕ್ಕದ ಮನೆಯಾತ ಸೆಂಟರಿನ ಲಿಫ್ಟಿನವನಿಗೆ ಹೇಳುತ್ತಿದ್ದ. "ರಿಪೇರಿ ಹತ್ತು ನಿಮಿಷ, ಪಾಠ ಒಂದು ಗಂಟೆ."

"ನಮ್ಮ ಲಿಫ್ಟಲ್ಲಿ ಮೂರು ಮಹಡಿ ಹತ್ತೋದ್ರೊಳಗೆ ಎರಡು ಪಾಠ ಆಗ್ತಿತ್ತು. ಅದಕ್ಕೇ ಅಲ್ವಾ ಮೇಷ್ಟ್ರು ಅಂತ ಹೆಸರು ಬಿದ್ದಿದ್ದು? ಶಾಲೆ ಮೆಟ್ಟಿಲು ಸರಿಯಾಗಿ ಹತ್ತಿದವರಲ್ಲ ಪಾಪ."

"ಈಗ ನೋಡಿ, ಎಷ್ಟು ಸುಮ್ನಿದಾರೆ."

ಇಬ್ಬರೂ ನಕ್ಕು, ನಕ್ಕಿದ್ದಕ್ಕೆ ನಾಚಿ, ನೆಲ ನೋಡಿದರು.

ಬಾಗಿಲ ಬಳಿ ದನಿ ಏರಿತು. ಮೇಷ್ಟ್ರ ಹೆಂಡತಿಯ ತಮ್ಮ, ಲಾರಿ ಓಡಿಸುವವನು, ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರಿಗೆ ಅಡ್ಡ ನಿಂತಿದ್ದ.

"ನಡುರಾತ್ರಿ ಅವರನ್ನ ಕರೆದಿದ್ದು ಯಾರು ಸ್ವಾಮಿ? ಅಷ್ಟು ಹೇಳಿ ಸಾಕು."

"ನಾವಂತೂ ಕರೆದಿಲ್ಲಪ್ಪ," ಡಾಕ್ಟರು ಮೆಲ್ಲಗೆ ಹೇಳಿದರು. "ಆ ಹೊತ್ತಲ್ಲಿ ಅವರಿಗೆ ಡ್ಯೂಟಿನೂ ಇರಲಿಲ್ಲ. ಅಲ್ಲಿ ಏನು ಮಾಡ್ತಿದ್ರೋ ನನಗೂ ಗೊತ್ತಿಲ್ಲ."

"ಏನು ಮಾಡ್ತಿದ್ರು ಅಂದ್ರೆ? ಕಳ್ಳತನಕ್ಕೆ ಹೋಗಿದ್ರಾ ನಮ್ಮ ಭಾವ?"

"ನಾನು ಹಾಗಂದೆನಾ?"

"ಅನ್ನೋದೇನು ಬೇಕು, ಮುಖದಲ್ಲೇ ಬರೆದಿದೆ." ಜೇಬಿನಿಂದ ಮೇಷ್ಟ್ರ ಫೋನು ತೆಗೆದು ಎತ್ತಿ ಹಿಡಿದ. "ಇದರಲ್ಲಿರುತ್ತೆ ಹೆಸರು. ಬೀಗ ಹಾಕಿದೆ ಅಷ್ಟೇ. ಯಾರಾದ್ರೂ ತೆಗೀಲಿ, ಆಮೇಲೆ ಅವರನ್ನ ನಾನು ನೋಡ್ಕೋತೀನಿ."

ಅವಳ ಅಂಗೈ ಬೆವರಿತು. ಸೀರೆಯ ನೆರಿಗೆಗೆ ಒರೆಸಿಕೊಂಡಳು. ಮತ್ತೆ ಬೆವರಿತು.

*

ಆ ಸೆಂಟರಿನಲ್ಲಿ ತೆಗೆದ ಚಿತ್ರಗಳೆಲ್ಲ, ಮುರಿದ ಮೂಳೆ, ಊದಿದ ಗಂಟಲು, ಹುಟ್ಟದ ಮಗುವಿನ ಬೆನ್ನು, ಹೋಗಿ ಕೂರುವುದು ಒಂದು ಕಪ್ಪು ಪೆಟ್ಟಿಗೆಯಲ್ಲಿ. ಬಟ್ಟೆ ತುಂಬುವ ಸಣ್ಣ ಟ್ರಂಕಿನಷ್ಟು ಗಾತ್ರ, ಒಳಗೆ ನಾಲ್ಕು ಡಿಸ್ಕು. ಅದರ ಮಿದುಳಾದ ಪ್ರೊಸೆಸರು ಎಷ್ಟು ದುಡಿಯುತ್ತಿದೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ತೋರಿಸುವ ಒಂದು ಪುಟವಿತ್ತು. ಅದನ್ನು ನೋಡುತ್ತಿರುವುದು ಅವಳ ಕೆಲಸ. ಕೆಟ್ಟರೆ ಸರಿಮಾಡುವುದು ಮೇಷ್ಟ್ರ ಕೆಲಸ.

ಅವಳಿಗೂ ಮುಂಚೆ ಆ ಮೇಜಿನಲ್ಲಿ ಒಬ್ಬರಿದ್ದರು. ಹಿಂದಿನ ಪೆಟ್ಟಿಗೆ ಒಂದು ರಜೆಯ ದಿನ ಇಡೀ ರಾತ್ರಿ ಕೆಂಪು ತೋರಿಸಿ ಸತ್ತಿತು, ಯಾರೂ ನೋಡಿರಲಿಲ್ಲ. ಹನ್ನೊಂದು ಸಾವಿರ ಜನರ ಚಿತ್ರ ಹೋಯಿತು. ಆತನನ್ನು ಅಂದೇ ಮನೆಗೆ ಕಳಿಸಿದರು. ಆತ ಬಿಟ್ಟುಹೋದ ಲೋಟ ಅವಳ ಡ್ರಾಯರಿನಲ್ಲಿ ಇನ್ನೂ ಇತ್ತು, ತಳದಲ್ಲಿ ಕಾಫಿಯ ಕರೆಯ ಸಮೇತ. ಅದನ್ನು ಎಸೆಯುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಹಾಗಾಗಿ ಮನೆಯಿಂದಲೂ ನೋಡಲು ಶುರು ಮಾಡಿದಳು. ಮೊದಲು ಫೋನಿನಲ್ಲಿ. ಫೋನು ತಪ್ಪು ತೋರಿಸಿದರೆ? ಲ್ಯಾಪ್‌ಟಾಪಿನಲ್ಲಿ. ಅಡುಗೆ ಮಾಡುವಾಗ ಅದು ಕಾಣದಿದ್ದರೆ? ಟ್ಯಾಬಿನಲ್ಲಿ. ಆ ತಿಂಗಳೇ ಅಂಕಿ ತೊಂಬತ್ತು ದಾಟತೊಡಗಿತು.

"ಜ್ವರ ರೋಗಿಗೋ ಥರ್ಮಾಮೀಟರಿಗೋ, ಅದನ್ನ ಮೊದಲು ನೋಡ್ಬೇಕು ಮೇಡಂ," ಎನ್ನುತ್ತಿದ್ದರು ಮೇಷ್ಟ್ರು, ತಂತಿ ಕಟ್ಟಿದ ಕನ್ನಡಕ ಮೂಗಿಗೇರಿಸುತ್ತ. "ಅಳೆಯೋದನ್ನ ನಂಬೋಕೆ ಮುಂಚೆ ಅದನ್ನೇ ಅಳೀಬೇಕು. ರಾತ್ರಿ ನಾನು ಬಂದ ಕೂಡಲೇ ಒಂಬತ್ತಕ್ಕೆ ಇಳಿದು ಕೂತ್ಬಿಡುತ್ತೆ. ನನ್ನ ಕಂಡ್ರೆ ನಾಚಿಕೆ ಇದಕ್ಕೆ."

"ನೀವು ಹೋದ ಮೇಲೆ ಏನಾದ್ರೂ ಆದ್ರೆ?"

"ಕರೀರಿ, ಮತ್ತೆ ಬರ್ತೀನಿ. ಅದಕ್ಕೇ ಅಲ್ವಾ ನಾನಿರೋದು?"

ಮೂರು ಮಹಡಿ. ರಾತ್ರಿ ಲಿಫ್ಟಿಗೆ ಬೀಗ. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು ಹತ್ತುವುದನ್ನು ಅವಳು ಒಮ್ಮೆ ಹಗಲಲ್ಲಿ ಕಂಡಿದ್ದಳು. ಕಂಡೂ ಕರೆದಿದ್ದಳು.

*

"ಇವರಿಗೆ ಬರುತ್ತೆ," ಎಂದ ಲಿಫ್ಟಿನವನು ಇದ್ದಕ್ಕಿದ್ದಂತೆ. "ಮೇಡಂ ಕಂಪ್ಯೂಟರಿನವರು. ಮೇಷ್ಟ್ರ ಶಿಷ್ಯೆ."

ಲಾರಿಯವನು ಬಂದು ಫೋನನ್ನು ಅವಳ ಅಂಗೈಗೆ ಇಟ್ಟೇಬಿಟ್ಟ. "ಸ್ವಲ್ಪ ತೆಗೆದುಕೊಡಿ ಮೇಡಂ."

ಬೀಗದ ಅಂಕಿ ಅವಳಿಗೆ ಗೊತ್ತಿತ್ತು. ಎಲ್ಲರಿಗೂ ದಿನಕ್ಕೊಂದು ಪಾಸ್‌ವರ್ಡ್ ಬದಲಿಸಿ ಎಂದು ಬೈಯುತ್ತಿದ್ದ ಮೇಷ್ಟ್ರು ತಮ್ಮದನ್ನು ಮಾತ್ರ ಎಂದೂ ಬದಲಿಸಿರಲಿಲ್ಲ. ನಾಲ್ಕು ಸಲ ಬೆರಳು ಒತ್ತಿದರೆ ಸಾಕು, ಅವಳ ಹೆಸರು ಎಲ್ಲರೆದುರು ತೆರೆದುಕೊಳ್ಳುತ್ತದೆ. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದಳು.

"ಕೊಡಿಲ್ಲಿ ಆ ಫೋನು."

ಮೇಷ್ಟ್ರ ಹೆಂಡತಿ ಎದ್ದು ಬಂದಿದ್ದರು. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದಿರಬೇಕು, ಎಲ್ಲರೂ ತಿರುಗಿ ನೋಡಿದರು.

"ಅಕ್ಕ, ಯಾರು ಅಂತ..."

"ಯಾರು ಅಂತ ನಂಗೊತ್ತು. ಪಕ್ಕದಲ್ಲೇ ಮಲಗಿದ್ದೆ, ಕೇಳಿಸಲ್ವಾ? ಕರೆಯೋದು ಅವರ ಕೆಲಸ, ಹೋಗೋದು ನಿಮ್ಮ ಭಾವನ ಕೆಲಸ. ಹೆಣದ ಮುಂದೆ ಪಂಚಾಯ್ತಿ ಮಾಡ್ಬೇಡ, ಹೋಗಿ ಗಾಡಿ ಎಲ್ಲಿ ಬಂತು ನೋಡು." ಅವಳ ಕಡೆ ತಿರುಗಿದರು. "ನೀನು ಬಾಮ್ಮ ಒಳಗೆ."

ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಎಳೆದು ಅವರು ಸ್ಟೂಲಿನ ಮೇಲೆ ಕೂತರು. ಅವಳು ನಿಂತೇ ಇದ್ದಳು. ಏಟು ಬಿದ್ದರೆ ಬೀಳಲಿ, ಬೇಗ ಬೀಳಲಿ ಎನಿಸಿತು.

"ಅಕ್ಕ, ನಾನು..."

"ಸುಮ್ನಿರು. ನಿನ್ನ ಬೈಯೋಕೆ ಕರೀಲಿಲ್ಲ." ಸೆರಗಿನ ಗಂಟು ಬಿಚ್ಚುತ್ತ ಹೇಳಿದರು. "ಮೊನ್ನೆ ರಾತ್ರಿ ಅಲ್ಲಿಂದ ಫೋನ್ ಮಾಡಿದ್ರು. ಏನು ಖುಷಿ ಅಂತೀಯ! 'ಸಿಕ್ತು ಕಣೇ, ತಿಂಗಳಿಂದ ಹುಡುಕ್ತಿದ್ದಿದ್ದು ಸಿಕ್ತು. ಮನೆಗೆ ಬಂದು ಹೇಳ್ತೀನಿ, ನೀನು ನಗ್ತೀಯ' ಅಂದ್ರು. ಈಗ್ಲೇ ಹೇಳ್ರೀ ಅಂದೆ. ಫೋನಲ್ಲಿ ಬೇಡ, ಸ್ವಲ್ಪ ಕೂತು ಸುಧಾರಿಸ್ಕೊಂಡು ಬರ್ತೀನಿ ಅಂದ್ರು. ನಾನು ಹಾಲು ಕಾಯಿಸಿ ಇಟ್ಟೆ." ಗಂಟಿನಿಂದ ಮಡಚಿದ ಚೀಟಿ ತೆಗೆದರು. "ಜೇಬಲ್ಲಿ ಇದಿತ್ತು. ಬರೀ ಅಂಕಿ. ನಿನಗೆ ತಿಳಿಯುತ್ತೆ. ಅವರಿಗೆ ಏನು ಸಿಕ್ತು ಹೇಳಮ್ಮ."

ಔಷಧಿ ಅಂಗಡಿಯ ಚೀಟಿಯ ಹಿಂದೆ, ಪೆನ್ಸಿಲಿನಲ್ಲಿ, ಮೇಷ್ಟ್ರ ದುಂಡು ಅಕ್ಷರ:

೩ ಇದ್ದಾಗ: ೯೭
೨ ಇದ್ದಾಗ: ೬೪ (೨.೫೦)
೧ ಇದ್ದಾಗ: ೩೮ (೨.೫೪)
೦: ೯ (೨.೫೮)

ಮೊದಲು ಸಮಯ ಗುರುತು ಸಿಕ್ಕಿತು. ಎರಡು ಐವತ್ತಕ್ಕೆ ಬೆಳ್ಳಗಾದದ್ದು ಅಡುಗೆಮನೆಯ ಟ್ಯಾಬು. ಆಮೇಲೆ ಲ್ಯಾಪ್‌ಟಾಪು. ಆಮೇಲೆ ಫೋನು. ಯಾವ ಸಂಪರ್ಕವೂ ತಾನಾಗಿ ಕಡಿದಿರಲಿಲ್ಲ. ಆ ತಣ್ಣನೆಯ ಕೋಣೆಯಲ್ಲಿ ಕೂತು ಮೇಷ್ಟ್ರು ಆ ಮೂರನ್ನೂ ಒಂದೊಂದಾಗಿ ಕಡಿದು, ಪ್ರತಿ ಸಲವೂ ಪೆಟ್ಟಿಗೆಯ ಮೇಲೇ ಕಾಣುವ ಅಂಕಿ ಬರೆದುಕೊಂಡಿದ್ದರು.

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಆ ಪುಟ ಕ್ಷಣಕ್ಕೊಮ್ಮೆ ಪೆಟ್ಟಿಗೆಯನ್ನು "ಹೇಗಿದ್ದೀಯ, ಎಷ್ಟು ದುಡಿಯುತ್ತಿದ್ದೀಯ" ಎಂದು ಕೇಳುತ್ತದೆ. ಅಗ್ಗದ ಪೆಟ್ಟಿಗೆ, ಬಡ ಪ್ರೊಸೆಸರು. ಮೂರು ಕಡೆಯಿಂದ ಬಿಡದೆ ಕೇಳಿದರೆ ಉತ್ತರ ಹೇಳುವುದರಲ್ಲೇ ಅದರ ಉಸಿರು ಹೋಗುತ್ತಿತ್ತು. ಅವಳು ನೋಡಿದಷ್ಟೂ ಅಂಕಿ ಏರುತ್ತಿತ್ತು, ಏರಿದಷ್ಟೂ ಅವಳು ನೋಡುತ್ತಿದ್ದಳು. ಮೇಷ್ಟ್ರು ಬಂದರೆಂದು ಅವಳು ಮಲಗಿದ ರಾತ್ರಿಗಳಲ್ಲಿ ಅದು ಒಂಬತ್ತಕ್ಕೆ ಇಳಿದಿದ್ದು ಅದಕ್ಕೇ. ಕಾಯಿಲೆ ಇದ್ದದ್ದು ಅವಳ ಅಡುಗೆಮನೆಯಲ್ಲಿ, ಊಟದ ಮೇಜಿನಲ್ಲಿ, ದಿಂಬಿನ ಕೆಳಗೆ. ಐದು ಸಲ ಮೂರು ಮಹಡಿ ಹತ್ತಿ ಮೇಷ್ಟ್ರು ಹುಡುಕಿದ್ದು ಅವಳನ್ನೇ. ಹುಡುಕಿ, ಬೈಯದೆ, ಹೆದರಬೇಡಿ ಎಂದು ಬರೆದು, ಸುಧಾರಿಸಿಕೊಳ್ಳಲು ಕೂತಿದ್ದರು.

"ಏನಮ್ಮ? ನಗುವಂಥದ್ದಾ?"

ಆ ಹೆಂಗಸಿನ ಕಣ್ಣು ಅವಳ ಬಾಯಿಯ ಮೇಲೇ ಇತ್ತು. ಮೂವತ್ತು ವರ್ಷ ಜೊತೆಗಿದ್ದವನು ಹೇಳದೆ ಹೋದ ಕೊನೆಯ ಮಾತು ಅಲ್ಲಿಂದ ಬರಬೇಕಿತ್ತು. ಏನೂ ಕೆಟ್ಟಿರಲಿಲ್ಲ ಅಕ್ಕ. ಅಷ್ಟೇ ಆ ಮಾತು. ಅವರು ಹೋದದ್ದು ಏನೂ ಇಲ್ಲದ್ದಕ್ಕೆ.

"ತುಂಬಾ ದೊಡ್ಡ ತೊಂದ್ರೆ ಇತ್ತು ಅಕ್ಕ," ಎಂದಳು ಅವಳು. "ಒಂದು ಗಂಟೆ ತಡ ಆಗಿದ್ರೆ ಎಲ್ಲರ ಚಿತ್ರಾನೂ ಹೋಗ್ತಿತ್ತು. ಸಾವಿರಾರು ಜನರದ್ದು. ಅವರು ಉಳಿಸಿದ್ರು. ಕಾರಣ ಎಷ್ಟು ಚಿಕ್ಕದಿತ್ತು ಅಂದ್ರೆ... ಅದಕ್ಕೇ ನಗ್ತೀಯ ಅಂದಿರ್ಬೇಕು."

ಅವರು ಚೀಟಿಯನ್ನು ವಾಪಸು ತೆಗೆದುಕೊಂಡು, ಮೊದಲಿಗಿಂತ ಜೋಪಾನವಾಗಿ ಮಡಚಿ, ಮತ್ತೆ ಸೆರಗಿಗೆ ಗಂಟು ಹಾಕಿದರು. ಅದು ಯಾವತ್ತಾದರೂ ತಿಳಿದವರ ಕೈಗೆ ಹೋದರೆ ಎಂಬ ಯೋಚನೆ ಅವಳಿಗೆ ಬಂತು. ಕೊಡಿ ಎಂದು ಕೇಳುವ ಧೈರ್ಯವಾಗಲಿಲ್ಲ.

ಹೊರಗೆ ಬಂದವರೇ ಮೇಷ್ಟ್ರ ಹೆಂಡತಿ, ಗಂಡ ಸಾವಿರಾರು ಜನರ ಚಿತ್ರ ಉಳಿಸಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಲಿಫ್ಟಿನವನು ಕಣ್ಣೊರೆಸಿಕೊಂಡ. ಪಕ್ಕದ ಮನೆಯಾತ ಎದ್ದು ನಿಂತ. ಲಾರಿಯವನು ಭಾವನ ಕಾಲು ಹಿಡಿದು ಮಗುವಿನಂತೆ ಅತ್ತ.

ಡಾಕ್ಟರು ಅವಳ ಪಕ್ಕಕ್ಕೆ ಬಂದರು. "ನೀನಾ ಕರೆದಿದ್ದು?"

"ಹೌದು ಸರ್."

"ಈಗ ಹೇಗಿದೆ?"

"ಒಂಬತ್ತು ಸರ್. ಇನ್ನು ಏರಲ್ಲ."

"ಒಳ್ಳೇದು ಮಾಡಿದೆ. ನೀನೊಬ್ಬಳು ಎಚ್ಚರ ಇದ್ದೆ ಅಂತ ಆಯ್ತು. ಇಲ್ದಿದ್ರೆ ನಾವು ಬಾಗಿಲು ಹಾಕ್ಬೇಕಿತ್ತು." ಡಾಕ್ಟರು ತಲೆಯಾಡಿಸಿದರು. "ಇನ್ಮೇಲೆ ರಾತ್ರಿ ನಿಗಾ ಪೂರ್ತಿ ನಿನಗೇ ವಹಿಸ್ತೀನಿ. ನಿನ್ನಷ್ಟು ನೋಡೋರು ಬೇರೆ ಯಾರಿದಾರೆ?"

ಗಾಡಿ ಬಂತು. ಮೇಷ್ಟ್ರನ್ನು ಎತ್ತಿಟ್ಟರು. ಅವಳು ಹಿಂದೆ ಸರಿದು ಚಪ್ಪಲಿ ಹುಡುಕುತ್ತಿದ್ದಳು.

"ಎಲ್ಲಿಗೆ ಹೋಗ್ತೀಯ?" ಗಾಡಿಯೊಳಗಿನ ಬೆಂಚಿನಿಂದ ಮೇಷ್ಟ್ರ ಹೆಂಡತಿ ಕರೆದರು. ಸರಿದು ಜಾಗ ಮಾಡಿದರು. "ಬಾ, ಇಲ್ಲಿ ಕೂತ್ಕೋ. ಕೊನೇಲಿ ಅವರಿಗೆ ಸಿಕ್ಕಿದ್ದೇನು ಅಂತ ತಿಳಿದೋಳು ನೀನೊಬ್ಳೇ."

ಅವಳು ಹತ್ತಿ ಕೂತಳು. ಎದುರು ಬೆಂಚಿನ ಲಾರಿಯವನು ಮುಂದೆ ಬಾಗಿ, ಊದಿದ ಕಣ್ಣಿಂದ ಅವಳನ್ನು ನೋಡಿ ಕೈಮುಗಿದ. "ಆಗ ಒಂದು ಮಾತು ಜಾಸ್ತಿ ಅಂದೆ, ಮನಸ್ಸಲ್ಲಿ ಇಟ್ಕೋಬೇಡಿ. ಅದೇನಾಗಿತ್ತು ಅಂತ ಒಂದಿನ ನನಗೂ ಬಿಡಿಸಿ ಹೇಳಿ ಮೇಡಂ. ಕೇಳಿದವರಿಗೆ ಹೇಳ್ಬೇಕಲ್ಲ, ನಮ್ಮ ಭಾವ ಎಂಥೋರು ಅಂತ."

"ಹೇಳ್ತೀನಿ," ಎಂದಳು ಅವಳು. ಹೇಳುವುದಿಲ್ಲ ಎಂದು ಅದೇ ಉಸಿರಿನಲ್ಲಿ ತೀರ್ಮಾನವಾಗಿತ್ತು. ಇವನಿಗಲ್ಲ, ಡಾಕ್ಟರಿಗಲ್ಲ, ಮನೆಯಲ್ಲಿ ಗಂಡನಿಗೂ ಅಲ್ಲ.

ಎರಡು ರಾತ್ರಿಯ ನಿದ್ದೆಗೆಟ್ಟ ಮೇಷ್ಟ್ರ ಹೆಂಡತಿ ಮೊದಲ ತಿರುವಿನಲ್ಲೇ ತೂಕಡಿಸಿದರು. ತಲೆ ಜಾರಿ ಅವಳ ಹೆಗಲ ಮೇಲೆ ಬಂದು ನಿಂತಿತು. ರಸ್ತೆ ಕೆಟ್ಟದಿತ್ತು. ಪ್ರತಿ ಗುಂಡಿಗೂ ಗಾಡಿ ಎತ್ತಿ ಹಾಕುತ್ತಿತ್ತು. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಉಸಿರು ಸಣ್ಣದು ಮಾಡಿಕೊಂಡು, ಹೆಗಲು ಅಲುಗದ ಹಾಗೆ ಕೂತಿದ್ದಳು.